ದೇವರೆಷ್ಟು? ಹೊಸಗಾಲದ ಮೂರು ಉತ್ತರಗಳು

ಕಳೆದ ಬಕ್ರೀದ್ ಹಬ್ಬಕ್ಕೆ ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗನನ್ನು ಕರೆದುಕೊಂಡು ಚನ್ನಗಿರಿ ತಾಲೂಕಿನ ಸೂಳೆಕೆರೆಗೆ ಹೋಗಿದ್ದೆ. ಹೋಗಿದ್ದು ನೀರು ನೋಡಲಿಕ್ಕಲ್ಲ. ಹಿಂದಿನ ರಾತ್ರಿ ಹೊನ್ನಾಳಿಯ ನಮ್ಮ ಮನೆಯಲ್ಲಿ ತಂಗಿ ಕಣ್ಣೊರೆಸಿಕೊಳ್ಳುತ್ತಾ ಹೇಳಿದ್ದಳು: "ಭಾಯ್‌ಜಾನ್, ಅವನು ಈದ್ ನಮಾಝ್‌ಗೆ ಬಂದದ್ದೇ ನನ್ನ ಒತ್ತಾಯಕ್ಕೆ. ದೇವರಿಲ್ಲ ಎಂದು ಅವನು ಹೇಳುವುದಿಲ್ಲ. ಹೇಳಿದ್ದರೆ ನನಗೆ ಅರ್ಥವಾದರೂ ಆಗುತ್ತಿತ್ತು. ಎಲ್ಲ ದೇವರೂ ಸರಿ ಎನ್ನುತ್ತಾನೆ. ನೀವೊಮ್ಮೆ ಮಾತನಾಡಿ."

ಏರಿಯ ಮೇಲೆ ನಿಂತು ನಾನು ಮಾತು ತೆಗೆಯುವ ಮುನ್ನವೇ ಅವನು ಕೈ ತೋರಿಸಿ ಕೇಳಿದ: "ಮಾಮು, ಈ ಕೆರೆಗೆ ಎರಡು ತೂಬು. ಒಂದು ಸಿದ್ದನ ಹೆಸರಿನದು, ಇನ್ನೊಂದು ಬಸವನ ಹೆಸರಿನದು. ಎರಡರಲ್ಲೂ ಹರಿಯುವ ನೀರು ಒಂದೇ ಅಲ್ಲವೇ? ದೇವರ ವಿಷಯದಲ್ಲಿ ಮಾತ್ರ ಒಂದೇ ತೂಬು ಎಂದು ಏಕೆ ಜಗಳ?"

ಹುಡುಗ ದಡ್ಡನಲ್ಲ. ಅವನ ಪ್ರಶ್ನೆಯನ್ನು ಗದರಿಸಿ ಬಾಯಿ ಮುಚ್ಚಿಸುವುದು ಉತ್ತರವೂ ಅಲ್ಲ. ಇಂದು ನಮ್ಮ ಅನೇಕ ಮನೆಗಳಲ್ಲಿ ಇದೇ ಪ್ರಶ್ನೆ ಊಟದ ಚಾಪೆಯ ಮೇಲೆ ಬಂದು ಕುಳಿತಿದೆ. ತಂದೆತಾಯಂದಿರು ಕೇಳಿಸದವರಂತೆ ಎದ್ದುಹೋಗುತ್ತಾರೆ. ಆದ್ದರಿಂದ ಅವನಿಗೆ ಅಂದು ಹೇಳಿದ್ದನ್ನೂ ಹೇಳಲಾಗದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅವನಿಗೆ ಈ ವಿಚಾರ ಬಂದದ್ದು ಊರಿನ ಜಾತ್ರೆಯಿಂದಲ್ಲ. ಮೊಬೈಲ್‌ನಲ್ಲಿ ನೋಡಿದ ಪಾಶ್ಚಾತ್ಯರ ಉಪನ್ಯಾಸಗಳಿಂದ. ಯುರೋಪ್ ಮತ್ತು ಅಮೆರಿಕದಲ್ಲಿ ಕ್ರೈಸ್ತಧರ್ಮ ಬರುವುದಕ್ಕೆ ಮುಂಚಿನ ದೇವತೆಗಳನ್ನು ಮತ್ತೆ ಆರಾಧಿಸಹೊರಟವರು ತಮ್ಮನ್ನು ಪೇಗನ್ನರೆಂದು ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಜೆರಾಲ್ಡ್ ಗಾರ್ಡ್ನರ್ ಎಂಬ ನಿವೃತ್ತ ಸುಂಕದ ಅಧಿಕಾರಿ 1954ರಲ್ಲಿ ಒಂದು ಪುಸ್ತಕ ಬರೆದು ವಿಕ್ಕಾ ಎಂಬ ಪಂಥಕ್ಕೆ ಪ್ರಚಾರ ಕೊಟ್ಟನು. ಅಲ್ಲಿ ಒಬ್ಬ ದೇವ, ಒಬ್ಬ ದೇವಿ. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಹಳೆಯ ಉತ್ತರದ ದೇವತೆಗಳ ಆರಾಧಕರ ಸಂಘ ಹುಟ್ಟಿತು, ಮರುವರ್ಷ ಸರಕಾರದ ಮಾನ್ಯತೆಯನ್ನೂ ಪಡೆಯಿತು. ಸಾವಿರ ವರ್ಷಗಳ ಹಿಂದೆ ಕೈಬಿಟ್ಟ ದೇವರುಗಳನ್ನು ಜನ ಪುಸ್ತಕಗಳಿಂದ ಹುಡುಕಿ ತೆಗೆದರು.

ಇವರನ್ನು ದೇವರೆಷ್ಟು ಎಂದು ಕೇಳಿದರೆ ಮೂರು ಉತ್ತರಗಳು ಬರುತ್ತವೆ. ಮೊದಲನೆಯದು: ದೇವರುಗಳು ನಿಜಕ್ಕೂ ಹಲವರು. ನೀನು ಬೇರೆ, ನಾನು ಬೇರೆ ಎಂಬಷ್ಟೇ ಸ್ಪಷ್ಟವಾಗಿ ಅವರು ಬೇರೆಬೇರೆ. ಎರಡನೆಯದು: ಹಲವರು ಎಂಬುದು ತೋರಿಕೆ. ವಜ್ರಕ್ಕೆ ಹಲವು ಮುಖಗಳಿರುವಂತೆ ಒಂದೇ ದೈವದ ಹಲವು ಮುಖಗಳು ಅವು. ಮೂರನೆಯದು: ಹೊರಗೆ ದೇವರೆಂಬ ವ್ಯಕ್ತಿಯೇ ಇಲ್ಲ. ದೇವತೆಗಳು ಮನುಷ್ಯನ ಮನಸ್ಸಿನ ಶಕ್ತಿಗಳಿಗೆ ಕೊಟ್ಟ ರೂಪಗಳು, ಸಂಕೇತಗಳು.

ಈ ಮೂರು ಉತ್ತರಗಳು ಒಂದಕ್ಕೊಂದು ವಿರುದ್ಧ. ಮೊದಲನೆಯದು ನಿಜವಾದರೆ ಎರಡನೆಯದು ಸುಳ್ಳು. ಮೂರನೆಯದು ನಿಜವಾದರೆ ಮೊದಲೆರಡೂ ಸುಳ್ಳು. ಆದರೂ ಮೂರನ್ನೂ ನಂಬುವವರು ಒಂದೇ ವೃತ್ತದಲ್ಲಿ ನಿಂತು ಒಂದೇ ಪೂಜೆ ಮಾಡುತ್ತಾರೆ. ಏನು ನಂಬುತ್ತೀರಿ ಎಂಬುದು ಮುಖ್ಯವಲ್ಲ, ಏನು ಮಾಡುತ್ತೀರಿ ಎಂಬುದು ಮುಖ್ಯ ಎನ್ನುತ್ತಾರೆ. ನನ್ನ ಆಕ್ಷೇಪ ಮೊದಲಾಗುವುದು ಇಲ್ಲಿಯೇ. ಯಾರ ಮುಂದೆ ತಲೆಬಾಗುತ್ತಿದ್ದೇನೆ, ಅವನು ಇದ್ದಾನೋ ಇಲ್ಲವೋ ಎಂಬುದು ಮುಖ್ಯವೇ ಅಲ್ಲವೆಂದಾದರೆ ಅಲ್ಲಿ ಉಳಿಯುವುದು ಬಾಗುವ ಸಂತೋಷ ಮಾತ್ರ. ಅದಕ್ಕೆ ಇಬಾದತ್ ಎಂಬ ಹೆಸರು ಸಲ್ಲದು.

ಮೊದಲ ಉತ್ತರವನ್ನು ನೋಡೋಣ. 2005ರಲ್ಲಿ ಜಾನ್ ಮೈಕೆಲ್ ಗ್ರಿಯರ್ ಎಂಬ ಅಮೆರಿಕದ ಲೇಖಕರು ಹಲವು ದೇವರುಗಳ ಪರವಾಗಿ ಒಂದು ಗ್ರಂಥವನ್ನೇ ಬರೆದರು. ಈ ಪಕ್ಷದವರ ಮುಖ್ಯ ವಾದವೆಂದರೆ, ಜನರ ದೈವಾನುಭವಗಳು ಬೇರೆಬೇರೆಯಾಗಿರುವುದರಿಂದ ಅನುಭವಕ್ಕೆ ಬಂದ ದೈವಗಳೂ ಬೇರೆಬೇರೆ ಇರಬೇಕು ಎಂಬುದು. ಇದನ್ನು ನಮ್ಮ ಸೀಮೆಯಲ್ಲಿಟ್ಟು ತೂಗಿ ನೋಡಿರಿ. ಏಪ್ರಿಲ್ ತಿಂಗಳಲ್ಲಿ ಜಗಳೂರಿನ ಬಯಲಿನಲ್ಲಿ ಸೂರ್ಯನು ನೆತ್ತಿ ಸುಡುತ್ತಾನೆ. ಅದೇ ಹೊತ್ತಿಗೆ ಚನ್ನಗಿರಿಯ ಅಡಿಕೆ ತೋಟದೊಳಗೆ ಎಲೆಗಳ ನಡುವೆ ಇಳಿದು ಹಿತವಾಗಿ ಬೀಳುತ್ತಾನೆ. ಎರಡು ಅನುಭವಗಳಿವೆ ಎಂದು ಯಾರೂ ಎರಡು ಸೂರ್ಯರನ್ನು ಎಣಿಸುವುದಿಲ್ಲ.

ಪವಿತ್ರ ಕುರ್‌ಆನ್ ಅಲ್ ಅಂಬಿಯಾ ಅಧ್ಯಾಯದ 22ನೆಯ ವಚನದಲ್ಲಿ ಒಂದು ತರ್ಕವನ್ನು ಮುಂದಿಡುತ್ತದೆ. ಭೂಮಿ ಆಕಾಶಗಳಲ್ಲಿ ಅಲ್ಲಾಹನ ಹೊರತು ಬೇರೆ ದೇವರುಗಳಿದ್ದಿದ್ದರೆ ಇವೆರಡರ ವ್ಯವಸ್ಥೆಯೂ ಕೆಟ್ಟುಹೋಗುತ್ತಿತ್ತು ಎಂಬುದು ಅದರ ಭಾವಾರ್ಥ. ಕಡಲಿನ ಆವಿ ಮೋಡವಾಗಿ ಪಶ್ಚಿಮಘಟ್ಟಕ್ಕೆ ಬಡಿದು ತುಂಗೆಯಾಗಿ ಭದ್ರೆಯಾಗಿ ಇಳಿದು, ಕೂಡಲಿಯಲ್ಲಿ ಸೇರಿ, ಹೊನ್ನಾಳಿಯ ಪಕ್ಕದಲ್ಲಿ ಹರಿಯುತ್ತದೆ. ಮುಂದೆ ಅದೇ ನೀರನ್ನು ಎತ್ತಿ ಜಗಳೂರಿನ 57 ಕೆರೆಗಳಿಗೆ ತುಂಬಿಸುವ ಯೋಜನೆಯನ್ನು ಜನ ಹಾಕಿಕೊಂಡಿದ್ದಾರೆ. ಗಾಳಿ, ಮೋಡ, ಬೆಟ್ಟ, ನದಿ, ಮಣ್ಣು ಎಲ್ಲಕ್ಕೂ ಒಬ್ಬೊಬ್ಬ ಸ್ವತಂತ್ರ ಒಡೆಯನಿದ್ದರೆ ಅವರ ಇಚ್ಛೆಗಳು ಒಂದು ದಿನವಾದರೂ ಡಿಕ್ಕಿ ಹೊಡೆಯಬೇಕು. ಎಂದೂ ಡಿಕ್ಕಿಯಾಗುವುದಿಲ್ಲ ಎನ್ನುವಿರಾದರೆ ಅವರೆಲ್ಲರ ಮೇಲೆ ನಡೆಯುವ ಒಂದೇ ಆಜ್ಞೆ ಇದೆ ಎಂದಾಯಿತು. ಆ ಆಜ್ಞೆ ಯಾರದೋ ಅವನೇ ದೇವನು. ಉಳಿದವರು ಇದ್ದರೂ ಆಳುಗಳು. ಆಳಿಗೆ ಒಡೆಯನ ಪಾಲು ಕೊಡುವುದು ನ್ಯಾಯವಲ್ಲ.

ಆದರೂ ಮೊದಲ ಉತ್ತರದವರ ಬಗ್ಗೆ ನನಗೆ ಒಂದು ಗೌರವವಿದೆ. ಅವರು ತಮ್ಮ ದೈವವನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪ ಬಂಜಾರ ಬಂಧುಗಳ ಗುರು ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯಲ್ಲಿ ಜಯಂತಿಯ ಸಮಯಕ್ಕೆ ಮಾಲೆ ಧರಿಸಿ, ವ್ರತ ಹಿಡಿದು, ದೂರದ ತಾಂಡಾಗಳಿಂದ ನಡೆದು ಬರುವ ಜನರನ್ನು ನಾನು ದಾರಿಯಲ್ಲಿ ಕಂಡಿದ್ದೇನೆ. ಅಲ್ಲಿನ ಅಜ್ಜಿಯೊಬ್ಬರನ್ನು ನಿಲ್ಲಿಸಿ ನಿಮ್ಮ ಮರಿಯಮ್ಮ ಮನಸ್ಸಿನ ಒಂದು ಸಂಕೇತ ಮಾತ್ರ ತಾಯಿ ಎಂದರೆ ಅವರು ನಮ್ಮನ್ನು ಹುಚ್ಚರೆಂದು ತಿಳಿದಾರು. ಅವರಿಗೆ ತಾಯಿ ಇದ್ದಾಳೆ, ಕೇಳುತ್ತಾಳೆ, ಹರಕೆ ತಪ್ಪಿದರೆ ಮುನಿಯುತ್ತಾಳೆ. ಆ ನಂಬಿಕೆ ತಪ್ಪು ವಿಳಾಸಕ್ಕೆ ಹೋದ ಪತ್ರ ಎಂದು ನಾನು ನಂಬುತ್ತೇನೆ. ಆದರೆ ಪತ್ರ ಬರೆದ ಕೈ ನಿಜವಾದದ್ದು. ಹೊಸಗಾಲದವನಾದರೋ ಪತ್ರವನ್ನೇ ಬರೆಯುವುದಿಲ್ಲ, ಲಕೋಟೆಗಳನ್ನು ಸಂಗ್ರಹಿಸುತ್ತಾನೆ.

ಎರಡನೆಯ ಉತ್ತರ ನಮ್ಮ ನಾಡಿಗೆ ಚಿರಪರಿಚಿತ. ದೇವನೊಬ್ಬ, ನಾಮ ಹಲವು ಎಂಬ ಮಾತನ್ನು ಶಾಲೆಯ ಗೋಡೆಯಿಂದ ಹಿಡಿದು ಶಾಂತಿಸಭೆಯ ವೇದಿಕೆಯವರೆಗೆ ಎಲ್ಲೆಡೆ ಕೇಳುತ್ತೇವೆ. ಅದರ ಮೊದಲರ್ಧಕ್ಕೆ ನಾವು ಸಾಕ್ಷಿಗಳೇ ಆಗಿದ್ದೇವೆ. ಎರಡನೆಯರ್ಧವೂ ಒಂದು ಮಿತಿಯಲ್ಲಿ ಸತ್ಯ. ಅಲ್ಲಾಹನೆಂದು ಕರೆಯಿರಿ, ರಹ್ಮಾನನೆಂದು ಕರೆಯಿರಿ, ಅತ್ಯುತ್ತಮ ನಾಮಗಳೆಲ್ಲ ಅವನವೇ ಎಂಬ ಭಾವ ಕುರ್‌ಆನಿನ 17:110ರಲ್ಲಿದೆ. ನಾನು ಕನ್ನಡದಲ್ಲಿ ಬಿ.ಎ. ಮಾಡಿದವನು. ದೇವ, ಒಡೆಯ, ಸೃಷ್ಟಿಕರ್ತ ಎಂಬ ಕನ್ನಡ ಪದಗಳಲ್ಲಿ ಅವನನ್ನು ಕರೆಯಲು ನನ್ನ ನಾಲಿಗೆ ಎಂದೂ ಹಿಂಜರಿದಿಲ್ಲ.

ಆದರೆ ಒಬ್ಬನಿಗೆ ಹಲವು ಹೆಸರಿರುವುದು ಬೇರೆ, ಹಲವರ ಹೆಸರನ್ನು ಒಬ್ಬನ ಮೇಲೆ ಹೊರಿಸುವುದು ಬೇರೆ. ನನ್ನನ್ನು ಮಗಳು ಅಬ್ಬಾ ಎನ್ನುತ್ತಾಳೆ, ಸೋದರಳಿಯ ಮಾಮು ಎನ್ನುತ್ತಾನೆ, ಮಕ್ಕಳು ಉಸ್ತಾದ್ ಎನ್ನುತ್ತಾರೆ. ಮೂರು ಹೆಸರು, ಮನುಷ್ಯ ಒಬ್ಬನೇ. ಆದರೆ ಪಕ್ಕದ ಹೊಲದವನು ತಾಲೂಕು ಕಚೇರಿಗೆ ಹೋಗಿ ನಿಮ್ಮ ಜಮೀನಿನ ಪಹಣಿಯಲ್ಲಿ ತನ್ನ ಹೆಸರನ್ನೂ ಸೇರಿಸಿ ಬಂದು, "ಹೆಸರು ಹಲವಾದರೇನು, ಒಡೆಯ ಒಬ್ಬನೇ ಅಲ್ಲವೇ ಸ್ವಾಮಿ" ಎಂದರೆ ಒಪ್ಪುವಿರಾ? ಎರಡು ಎಕರೆ ನೆಲದ ಒಡೆತನದಲ್ಲಿ ಒಪ್ಪದ ಮಾತನ್ನು ಭೂಮಿ ಆಕಾಶಗಳ ಒಡೆತನದಲ್ಲಿ ವಿಶಾಲ ಹೃದಯವೆಂದು ಹೇಗೆ ಕರೆಯುವುದು? ಹೆಸರು ಕೇವಲ ಶಬ್ದವಾಗಿದ್ದರೆ ವಿವಾದವಿಲ್ಲ. ಆ ಹೆಸರಿನ ಹಿಂದೆ ಹುಟ್ಟು, ಸಾವು, ಮದುವೆ, ಮಕ್ಕಳು, ಸೋಲು ಇವೆಲ್ಲ ಸೇರಿದ್ದರೆ, ಇವು ಯಾವುವೂ ಇಲ್ಲದ ಆ ಏಕೈಕನ ಇನ್ನೊಂದು ಹೆಸರು ಅದಾಗದು.

ಇಲ್ಲಿ ನಮ್ಮ ಶರಣರನ್ನು ನೆನೆಯಬೇಕು. ಹೊನ್ನಾಳಿಯ ನೆರೆಯ ಶಿಕಾರಿಪುರ ತಾಲೂಕಿನ ಉಡುತಡಿಯವರು ಅಕ್ಕಮಹಾದೇವಿ, ಬಳ್ಳಿಗಾವಿಯವರು ಅಲ್ಲಮಪ್ರಭು. ಅಕ್ಕನ ಅಂಕಿತ ಚೆನ್ನಮಲ್ಲಿಕಾರ್ಜುನ, ಅಲ್ಲಮರದು ಗುಹೇಶ್ವರ, ಬಸವಣ್ಣನವರದು ಕೂಡಲಸಂಗಮದೇವ. ಅಂಕಿತಗಳು ಬೇರೆಯಾದವೆಂದು ಅವರು ನಿಷ್ಠೆಯನ್ನು ಹಂಚಲಿಲ್ಲ. ಊರೂರಿನ ಕಿರುದೈವಗಳಿಗೆ ಹರಕೆ ಹೊರುವುದನ್ನು ಅವರು ಕಟುವಾಗಿ ಟೀಕಿಸಿದರು. ದೇವರ ಕಲ್ಪನೆಯಲ್ಲೂ ಆರಾಧನೆಯ ರೀತಿಯಲ್ಲೂ ನಮ್ಮ ದಾರಿ ಅವರದಲ್ಲ. ಆದರೆ 12ನೆಯ ಶತಮಾನದ ಈ ನೆಲದಲ್ಲಿ ನಿಂತು, ಎಲ್ಲವೂ ಒಂದೇ ಆದ್ದರಿಂದ ಎಲ್ಲಕ್ಕೂ ಕೈ ಮುಗಿಯಿರಿ ಎಂದು ಅವರು ಹೇಳಲಿಲ್ಲ. ಒಬ್ಬನೇ ಆದ್ದರಿಂದ ಒಬ್ಬನಿಗೇ ಎಂದರು. ಏಕದೇವನಿಷ್ಠೆ ಅರಬರಿಂದ ಬಂದ ಆಮದು ಎನ್ನುವವರು ತಮ್ಮ ಮನೆಯ ಕಪಾಟನ್ನೊಮ್ಮೆ ತೆರೆದು ನೋಡಲಿ.

ಇನ್ನು ಹುಡುಗನ ತೂಬಿನ ಮಾತು. ನಾನು ಅವನಿಗೆ ಕೇಳಿದೆ: "ಈ ತೂಬುಗಳನ್ನು ಯಾರು ಇಟ್ಟರು?" "ಕೆರೆ ಕಟ್ಟಿಸಿದವರು" ಎಂದ. "ನಿನಗೆ ಬೇಕಾದ ಕಡೆ ನೀನೊಂದು ತೂಬು ತೋಡಬಹುದೇ?" ಅವನು ನಕ್ಕ. "ಏರಿ ಒಡೆಯುತ್ತದೆ ಮಾಮು." ಅಷ್ಟೇ ನನ್ನ ಉತ್ತರ. ಸೂಳೆಕೆರೆಯ ನೀರು ನೂರಾರು ವರ್ಷಗಳಿಂದ ಹೊಲಗಳಿಗೆ ಹರಿಯುತ್ತಿದೆ. ಚಿತ್ರದುರ್ಗದವರೆಗೂ ಕುಡಿಯುವ ನೀರಾಗಿ ಹೋಗುತ್ತಿದೆ. ಕಟ್ಟಿದವನು ಇಟ್ಟ ಜಾಗದಲ್ಲಿ ತೂಬು ಇರುವುದರಿಂದಲೇ ಇದು ಸಾಧ್ಯವಾಗಿದೆ. ಎಲ್ಲಿ ಅಗೆದರೂ ನೀರು ಬರುತ್ತದೆ ಎಂಬುದು ನಿಜ, ಆದರೆ ಅದು ಕೆರೆ ಒಡೆದ ನೀರು. ದೇವನೆಡೆಗಿನ ದಾರಿಯನ್ನು ದೇವನೇ ತೆರೆದು ತೋರಿಸಬೇಕು. ಅದಕ್ಕಾಗಿಯೇ ಪ್ರವಾದಿಗಳು ಬಂದರು. ಇನ್ನೂ ಒಂದು ಮಾತಿದೆ. ಬಾಯಾರಿದವನು ನೀರನ್ನು ಕುಡಿಯುತ್ತಾನೆ, ತೂಬಿಗೆ ಸಾಷ್ಟಾಂಗ ಬೀಳುವುದಿಲ್ಲ. ಮಕ್ಕಾದ ಬಹುದೇವಾರಾಧಕರೂ ಇದನ್ನೇ ವಾದಿಸಿದ್ದರು. ಇವರು ನಮ್ಮನ್ನು ಅಲ್ಲಾಹನ ಸಮೀಪಕ್ಕೆ ಒಯ್ಯಲಿ ಎಂದಷ್ಟೇ ಇವರನ್ನು ಪೂಜಿಸುತ್ತೇವೆ ಎಂಬ ಅವರ ಸಮರ್ಥನೆಯನ್ನು ಅಝ್ಝುಮರ್ ಅಧ್ಯಾಯದ 3ನೆಯ ವಚನ ಉಲ್ಲೇಖಿಸಿ ತಿರಸ್ಕರಿಸಿದೆ. ಹೊಸ ವಾದವೆಂದು ನಮ್ಮ ಮಕ್ಕಳು ತಂದದ್ದಕ್ಕೆ ಸಾವಿರದ ನಾನ್ನೂರು ವರ್ಷ ವಯಸ್ಸಾಗಿದೆ.

ಮೂರನೆಯ ಉತ್ತರ ಎಲ್ಲಕ್ಕಿಂತ ನಯವಾದದ್ದು, ಎಲ್ಲಕ್ಕಿಂತ ಅಪಾಯಕಾರಿಯಾದದ್ದು. ದೇವತೆಗಳು ಮನಸ್ಸಿನ ಸಂಕೇತಗಳಂತೆ. ಧೈರ್ಯ ಬೇಕಾದಾಗ ಒಬ್ಬ ಯೋಧದೇವತೆ, ಪ್ರೀತಿ ಬೇಕಾದಾಗ ಒಬ್ಬ ದೇವಿ. ಹಾಗಾದರೆ ನಾನು ಸೃಷ್ಟಿಸಿದ ದೇವರು ನನ್ನನ್ನು ಯಾವಾಗ ಪ್ರಶ್ನಿಸುತ್ತಾನೆ? ನಾನು ವಿಧವೆಯ ಆಸ್ತಿ ನುಂಗಿದರೆ, ತೂಕದಲ್ಲಿ ಮೋಸ ಮಾಡಿದರೆ, ನನ್ನ ಮನಸ್ಸಿನದೇ ಸಂಕೇತವು ನನ್ನ ಕೈ ಹಿಡಿಯುತ್ತದೆಯೇ? ನೀವೇ ಕೆತ್ತಿದ್ದನ್ನು ನೀವೇ ಆರಾಧಿಸುವುದೇ ಎಂದು ಇಬ್ರಾಹೀಮ್(ಅ) ತಮ್ಮ ಜನರನ್ನು ಕೇಳಿದ ಪ್ರಸಂಗ ನಮಗೆ ಗೊತ್ತು. ಅಂದು ಕಲ್ಲಿನಲ್ಲಿ ಕೆತ್ತಿದರು, ಇಂದು ಮನಸ್ಸಿನಲ್ಲಿ ಕೆತ್ತುತ್ತಾರೆ. ತನ್ನ ಇಚ್ಛೆಯನ್ನೇ ದೇವರಾಗಿಸಿಕೊಂಡವನ ಬಗ್ಗೆ 45:23ರಲ್ಲಿ ಎಚ್ಚರಿಕೆಯಿದೆ. ಮಧ್ಯರಾತ್ರಿ ಆಸ್ಪತ್ರೆಯ ಹೊರಗೆ ಕುಳಿತ ತಾಯಿಯನ್ನು ನೋಡಿರಿ. ಅವಳು ಯಾವ ಧರ್ಮದವಳಾದರೂ ಸಂಕೇತದೊಡನೆ ಮಾತನಾಡುತ್ತಿರುವುದಿಲ್ಲ. ಕೇಳುವವನೊಬ್ಬನಿದ್ದಾನೆ ಎಂದು ಮಾತನಾಡುತ್ತಿರುತ್ತಾಳೆ. ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಕೆಲವರು ಕತ್ತೆಗಳಿಗೆ ಮದುವೆ ಮಾಡುತ್ತಾರೆ, ಕೆಲವರು ಕಪ್ಪೆಗಳಿಗೆ. ನಾವು ಈದ್ಗಾಕ್ಕೆ ಹೋಗಿ ಮಳೆಗಾಗಿ ನಮಾಝ್ ಮಾಡುತ್ತೇವೆ. ಯಾರಿಗೂ ಮನಸ್ಸಿನೊಳಗಿನ ಮಳೆ ಬೇಕಾಗಿಲ್ಲ, ಹೊಲಕ್ಕೆ ಬೀಳುವ ಮಳೆ ಬೇಕು.

ಈಗ ಅವರ ಪ್ರಬಲವಾದ ಆಕ್ಷೇಪಕ್ಕೆ ಬರೋಣ. ಒಬ್ಬನೇ ದೇವರೆಂದವರು ಅಸಹಿಷ್ಣುಗಳು, ಹಲವು ದೇವರುಗಳಿದ್ದರೆ ಸಹನೆ ಇರುತ್ತದೆ ಎನ್ನುತ್ತಾರೆ. ಸೂಳೆಕೆರೆಯಿಂದ ಹಿಂದಿರುಗುವಾಗ ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಕುಳಿತು ಹುಡುಗ ಇದನ್ನೇ ಎತ್ತಿದ. ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಅದು. ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಅಲ್ಲಿನ ದೇಗುಲವನ್ನು ಕೆಡವಿಸಿ ಎದುರಿನ ಮುಸಾಫಿರ್‌ಖಾನೆಯ ಕಟ್ಟಡ ಕಟ್ಟಿಸಿದನೆಂದು ಸ್ಥಳೀಯ ಇತಿಹಾಸ ಹೇಳುತ್ತದೆ. "ಇದಕ್ಕೇನು ಹೇಳುತ್ತೀರಿ ಮಾಮು?" ಎಂದ.

ತಪ್ಪು ಎಂದೇ ಹೇಳಿದೆ. ಮುಸ್ಲಿಮ್ ಹೆಸರು ಹೊತ್ತವನು ಮಾಡಿದನೆಂಬ ಕಾರಣಕ್ಕೆ ಅದನ್ನು ಸಮರ್ಥಿಸಿದರೆ ನಾನು ಆರಾಧಿಸುತ್ತಿರುವುದು ಅಲ್ಲಾಹನನ್ನಲ್ಲ, ನನ್ನ ಗುಂಪನ್ನು. ಧರ್ಮದಲ್ಲಿ ಬಲವಂತವಿಲ್ಲ ಎಂದು 2:256 ಕಲಿಸುತ್ತದೆ. ಇತರರು ಆರಾಧಿಸುವವರನ್ನು ನಿಂದಿಸಕೂಡದೆಂದು 6:108 ತಡೆಯುತ್ತದೆ. ರಾಜನ ಕತ್ತಿಯಿಂದ ಒಬ್ಬ ದೇವರೂ ಕಡಿಮೆಯಾಗುವುದಿಲ್ಲ, ಒಬ್ಬ ವಿಶ್ವಾಸಿಯೂ ಹೆಚ್ಚುವುದಿಲ್ಲ. ಆದರೆ ಸಹನೆಯು ದೇವರುಗಳ ಲೆಕ್ಕದಿಂದ ಬರುತ್ತದೆ ಎಂಬ ಮಾತನ್ನೂ ಇತಿಹಾಸ ಒಪ್ಪುವುದಿಲ್ಲ. ಕಅಬಾದ ಸುತ್ತ 360 ವಿಗ್ರಹಗಳಿಗೆ ಜಾಗ ಕೊಟ್ಟಿದ್ದ ಮಕ್ಕಾಕ್ಕೆ, ಸುಡುವ ಮರಳಿನ ಮೇಲೆ ಎದೆಗೆ ಬಂಡೆ ಹೇರಿಸಿಕೊಂಡು ಏಕೈಕನು, ಏಕೈಕನು ಎಂದ ಗುಲಾಮ ಬಿಲಾಲರಿಗೆ(ರ) ಜಾಗ ಕೊಡಲಾಗಲಿಲ್ಲ. ಎಲ್ಲ ದೇಶಗಳ ದೇವತೆಗಳನ್ನು ಸೇರಿಸಿಕೊಂಡ ರೋಮ್, ತನ್ನ ದೇವತೆಗಳಿಗೆ ಬಲಿ ಅರ್ಪಿಸಲೊಲ್ಲದ ಕ್ರೈಸ್ತರನ್ನು ಕೊಂದಿತು. ಎಲ್ಲರೂ ಸರಿ ಎನ್ನುವವನು ಇಲ್ಲ ಎಂದು ಹೇಳುವ ಒಬ್ಬನನ್ನು ಸಹಿಸಬಲ್ಲನೇ ಎಂಬುದೇ ಅವನ ಸಹನೆಯ ಪರೀಕ್ಷೆ. ನಮ್ಮ ಪರೀಕ್ಷೆಯೂ ಅದೇ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ ಕೇಳಿದ ಪ್ರಶ್ನೆಗೆ ನಾನು ಸಿದ್ಧನಿರಲಿಲ್ಲ: "ಮಾಮು, ಬಾಜಿಗೆ ಜ್ವರ ಬಂದಾಗ ನೀವು ಅವಳ ಕೊರಳಿಗೆ ದಾರ ಕಟ್ಟಿಸಿದ್ದು ನೆನಪಿದೆಯೇ?"

ನೆನಪಿದೆ. ನನ್ನ ಮಗಳು ಆಗ ಚಿಕ್ಕವಳು. ಆರು ದಿನ ಜ್ವರ ಇಳಿದಿರಲಿಲ್ಲ. ಮಕ್ಕಳಿಗೆ ತೌಹೀದ್ ಪಾಠ ಹೇಳುವ ಉಸ್ತಾದನು ಸಂಜೆಯ ಕತ್ತಲಲ್ಲಿ ಮಂತ್ರಿಸಿದ ದಾರ ತರಲು ಹೋಗಿದ್ದೆ. ಜ್ವರ ಇಳಿದ ಮೇಲೂ ಅದನ್ನು ಬಿಚ್ಚಲು ಭಯವಾಗಿ ತಿಂಗಳುಗಟ್ಟಲೆ ಬಿಟ್ಟಿದ್ದೆ. ಆಗ ಹತ್ತು ವರ್ಷದವನಾಗಿದ್ದ ಸೋದರಳಿಯ ಅದನ್ನು ನೋಡಿದ್ದ. ನನ್ನ ಪ್ರವಚನಗಳೆಲ್ಲ ಅವನಿಗೆ ಮರೆತಿವೆ. ಆ ದಾರ ಮರೆತಿಲ್ಲ.

ಪ್ರಿಯ ಓದುಗರೇ, ನಮ್ಮ ಹುಡುಗರು ಪಾಶ್ಚಾತ್ಯರ ಮಾತಿಗೆ ಮರುಳಾದರೆಂದು ಅಳುವ ಮುನ್ನ ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ನಾಲಿಗೆಯಲ್ಲಿ ಲಾ ಇಲಾಹ ಇಲ್ಲಲ್ಲಾಹ್. ಅಂಗಡಿಯ ಬಾಗಿಲಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ. ಮಗುವಿಗಾಗಿ ದರ್ಗಾದಲ್ಲಿ ಮಲಗಿದ ಮಹಾತ್ಮರಿಗೇ ನೇರ ಮೊರೆ. ಸಾಹುಕಾರನ ಭಯ, ನಾಯಕನ ಆಸೆ. ದೇವರೆಷ್ಟು ಎಂದು ಕೇಳಿದರೆ ಒಬ್ಬನೇ ಎನ್ನುತ್ತೇವೆ. ಯಾರಿಗೆ ಹೆದರುತ್ತೀರಿ, ಯಾರಲ್ಲಿ ಬೇಡುತ್ತೀರಿ ಎಂದು ಕೇಳಿದರೆ ಲೆಕ್ಕ ಬೆಳೆಯುತ್ತದೆ. ತಿರ್ಮಿದಿಯಲ್ಲಿರುವ ಒಂದು ವರದಿಯಂತೆ ಪ್ರವಾದಿ(ಸ)ರು ಹುಸೈನ್ ಎಂಬ ವೃದ್ಧರನ್ನು ಎಷ್ಟು ದೇವರನ್ನು ಆರಾಧಿಸುತ್ತೀರಿ ಎಂದು ವಿಚಾರಿಸಿದರು. ಏಳು, ಭೂಮಿಯಲ್ಲಿ ಆರು, ಆಕಾಶದಲ್ಲಿ ಒಬ್ಬ ಎಂದರು ಅವರು. ಆಸೆಗೂ ಭಯಕ್ಕೂ ಯಾರನ್ನು ಇಟ್ಟುಕೊಂಡಿದ್ದೀರಿ ಎಂದು ಮರುಪ್ರಶ್ನೆ ಬಂತು. ಆಕಾಶದಲ್ಲಿರುವವನನ್ನು ಎಂದರು. ಆ ವೃದ್ಧರ ಏಳು ದೇವರ ಲೆಕ್ಕದೊಳಗೆ ಒಬ್ಬನು ಉಳಿದಿದ್ದನು. ನಮ್ಮ ಒಬ್ಬನ ಲೆಕ್ಕದೊಳಗೆ ಏಳು ಮಂದಿ ಅಡಗಿಲ್ಲವೇ?

ಅಝ್ಝುಮರ್ ಅಧ್ಯಾಯದ 29ನೆಯ ವಚನದಲ್ಲಿ ಒಂದು ಉಪಮೆಯಿದೆ. ಪರಸ್ಪರ ಜಗಳವಾಡುವ ಹಲವು ಯಜಮಾನರ ಆಳೂ ಒಬ್ಬನೇ ಯಜಮಾನನ ಆಳೂ ಸಮಾನರೇ ಎಂದು ಅದು ಕೇಳುತ್ತದೆ. ತೌಹೀದ್ ಎಂಬುದು ದೇವರನ್ನು ಎಣಿಸುವ ಗಣಿತವಲ್ಲ. ನನ್ನ ಮೇಲೆ ಯಾರಿಗೆ ಹಕ್ಕಿದೆ ಎಂಬ ಪ್ರಶ್ನೆಗೆ ಒಂದೇ ಹೆಸರು ಹೇಳಿ, ಉಳಿದ ಎಲ್ಲ ಬಾಗಿಲುಗಳಿಂದ ತಲೆಯೆತ್ತಿ ಹೊರಬರುವುದು ಅದು. ಹೊಸಗಾಲದ ಮೂರು ಉತ್ತರಗಳಲ್ಲಿ ಇಲ್ಲದಿರುವುದು ಈ ಹಕ್ಕಿನ ಮಾತು. ನಮ್ಮ ಬದುಕಿನಲ್ಲೂ ಅದು ಕಾಣದಿದ್ದರೆ ನಮ್ಮ ಮಕ್ಕಳು ಅದನ್ನು ಎಲ್ಲಿ ನೋಡಿಯಾರು?

ಹುಡುಗನಿಗೆ ಅಂದು ಹೇಳಿದ್ದು ಇಷ್ಟೇ: "ಕಟ್ಟಿಸಿದ್ದು ನನ್ನ ತಪ್ಪು. ಬಿಚ್ಚಿದ ದಿನ ನಿನಗೆ ಹೇಳದೆ ಹೋದದ್ದು ಇನ್ನೊಂದು ತಪ್ಪು." ಅವನು ಮಾತನಾಡಲಿಲ್ಲ. ಬೆಂಗಳೂರಿನಿಂದ ಈಗಲೂ ಪ್ರಶ್ನೆಗಳನ್ನು ಕಳಿಸುತ್ತಿರುತ್ತಾನೆ, ನಾನು ಉತ್ತರಿಸುತ್ತಿರುತ್ತೇನೆ. ತಂಗಿಗೆ ಹೇಳಿದ್ದೇನೆ, ಪ್ರಶ್ನೆ ಕೇಳುವ ಮಗ ಇನ್ನೂ ಬಾಗಿಲು ಮುಚ್ಚಿಲ್ಲ ಎಂದು.

ಅಲ್ಲಾಹನು ನಮ್ಮ ಮಕ್ಕಳ ಹೃದಯಗಳನ್ನು ಸತ್ಯದೆಡೆಗೆ ತಿರುಗಿಸಲಿ. ನಮ್ಮ ನಾಲಿಗೆಯ ತೌಹೀದನ್ನು ನಮ್ಮ ಭಯ ಮತ್ತು ಭರವಸೆಗಳ ತೌಹೀದನ್ನಾಗಿ ಮಾಡಲಿ. ಆಮೀನ್.